ಹಾಲೆಂಡ್, ಬೆಲ್ಜಿಯಂ ಮತ್ತು ನಮ್ಮ ಉಸ್ತಾದರು

ನಮ್ಮ ಸಂಘದ ಸ್ಮರಣ ಸಂಚಿಕೆಗೆ ‘ಕತಾರಿನಲ್ಲಿ ಹೆಸರು ಮಾಡಿದ ಕನ್ನಡಿಗರು’ ಎಂಬ ವಿಷಯ ಕೊಟ್ಟಿದ್ದಾರೆ. ಹೆಸರು ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ಅವರ ಫೋಟೋ ಪ್ರತಿ ವರ್ಷ ಬರುತ್ತದೆ, ಈ ವರ್ಷವೂ ಬರುತ್ತದೆ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ನಾನು ಬರೆಯಹೊರಟಿರುವ ಮನುಷ್ಯನ ಹೆಸರು ಈ ದೇಶದಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ. ಸೈಟಿನಲ್ಲಿ ಎಲ್ಲರೂ ಅವರನ್ನು ‘ಉಸ್ತಾದ್’ ಎಂದೇ ಕರೆಯುತ್ತಿದ್ದರು. ಕೈಕೆಲಸ ಬಲ್ಲ ಹಿರಿಯನಿಗೆ ಗಲ್ಫಿನಲ್ಲಿ ಸಿಗುವ ಬಿರುದು ಅದು. ನಾನೂ ಹೆಸರು ಬರೆಯುವುದಿಲ್ಲ. ಬರೆದರೆ ಬಾಗಲಕೋಟೆ ಕಡೆಯಿಂದ ಫೋನ್ ಬರುತ್ತದೆ. “ನನ್ನ ಹೆಸರು ಯಾಕ ಹಾಕಿದ್ರಿ? ನಾ ಏನ್ ಎಲೆಕ್ಷನ್‌ಗೆ ನಿಂತೀನೇನು?” ಎಂದು ಬೈಸಿಕೊಳ್ಳುವ ಆಸೆ ನನಗಿಲ್ಲ.

ಅವರು ರಿಗ್ಗಿಂಗ್ ಫೋರ್ಮನ್. ಎಂದರೆ, ಕ್ರೇನಿಗೆ ಭಾರ ಕಟ್ಟಿ, ಎತ್ತಿಸಿ, ಇಳಿಸುವ ಕೆಲಸಗಾರರ ಮೇಸ್ತ್ರಿ. ಎತ್ತುವಾಗ ಕ್ರೇನಿನವನು ಭಾರವನ್ನು ನೋಡುವುದಿಲ್ಲ, ಮೇಸ್ತ್ರಿಯ ಕೈ ನೋಡುತ್ತಾನೆ. ಕೈ ಮೇಲಾದರೆ ಭಾರ ಮೇಲೆ, ಕೈ ಮಡಚಿದರೆ ಭಾರ ನಿಂತಲ್ಲಿ ನಿಲ್ಲಬೇಕು. ಉಸ್ತಾದರು ಇಪ್ಪತ್ತೆರಡು ವರ್ಷ ಈ ದೇಶದಲ್ಲಿ ಹೀಗೆ ಕೈ ಆಡಿಸಿದರು. ಅಷ್ಟು ವರ್ಷಗಳಲ್ಲಿ ಅವರ ಸನ್ನೆಯ ಕೆಳಗೆ ಯಾರೊಬ್ಬನ ಬೆರಳೂ ಜಜ್ಜಿರಲಿಲ್ಲ. ಓದು ಏಳನೇ ಇಯತ್ತೆ, ಇಂಗ್ಲಿಷ್ ಅಷ್ಟಕ್ಕಷ್ಟೆ, ಸಂಘದ ಸಭೆಗಳಲ್ಲಿ ಹಿಂದಿನ ಸಾಲು. ಆದರೆ ಈ ಒಂದು ವಿಷಯದಲ್ಲಿ ಮಾತ್ರ ಅವರಿಗೆ ಜಂಬ ಇತ್ತು. ಯಾರಾದರೂ ಹೊಸಬರು ಬಂದರೆ ತಾವಾಗಿಯೇ ಹೇಳುತ್ತಿದ್ದರು. “ಇಪ್ಪತ್ತೆರಡು ವರ್ಷರಿ. ನನ್ನ ಕೈಯಾಗ ಯಾರಿಗೂ ಏನೂ ಆಗಿಲ್ಲ.”

ನಾನು ಮೈಸೂರಿನವನು. ಅದೇ ಸೈಟಿನ ಆಫೀಸಿನಲ್ಲಿ ಕಾಗದಪತ್ರ ನೋಡಿಕೊಳ್ಳುವ ಕೆಲಸ. ನಕ್ಷೆ, ಆಯಾ ದಿನದ ಕೆಲಸದ ಪರ್ಮಿಟ್, ತಪಾಸಣೆಯ ವರದಿ, ಎಲ್ಲವೂ ನನ್ನ ಕಪಾಟಿನಿಂದಲೇ ಹೋಗಬೇಕು, ಅಲ್ಲಿಗೇ ವಾಪಸಾಗಬೇಕು. ಸೇರಿದ ಮೊದಲ ವಾರ ಒಂದು ಫೋನ್ ಬಂತು.

“ಏನ್ರೀ! ನಾಳಿ ಪರ್ಮಿಟ್ ಎಲ್ಲಿಟ್ಟೀರಿ? ಮುಂಜಾನಿ ಆರಕ್ಕ ನನಗ ಕೈಯಾಗ ಬೇಕು ನೋಡ್ರಿ!”

ನಾನು ಫೋನ್ ಇಟ್ಟು ಪಕ್ಕದ ಮೇಜಿನವರಿಗೆ, “ಯಾರೋ ನಮ್ಮ ರಾಜ್ಯದ ರೌಡಿ ಇದ್ದಾನೆ ಇಲ್ಲಿ” ಎಂದೆ. ಅಂದು ಸಂಜೆ ಆ ರೌಡಿ ಆಫೀಸಿನ ಬಾಗಿಲಲ್ಲಿ ಹೆಲ್ಮೆಟ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಕೈಯಲ್ಲಿ ಕರದಂಟಿನ ಪೊಟ್ಟಣ. “ಆಫೀಸಿನಾಗ ಕನ್ನಡ ಮಾತಾಡೋರು ಬಂದಾರಂತ ಕೇಳಿ ಭಾಳ ಖುಷಿ ಆತ್ರಿ ಸರ. ಬಾಯಿ ಸಿಹಿ ಮಾಡ್ರಿ” ಎಂದರು. ಬೆಳಿಗ್ಗೆ ಫೋನಿನಲ್ಲಿ ಬೈದವರು ನೀವೇನಾ ಎಂದು ಕೇಳಿದೆ. ಅವರಿಗೆ ನಿಜವಾಗಿಯೂ ಆಶ್ಚರ್ಯವಾಯಿತು. “ಬೈದ್ನೇ? ನಾ ಯಾವಾಗ ಬೈದೆ? ಪರ್ಮಿಟ್ ಕೇಳಿದೆ ಅಷ್ಟ.”

ನಾನು ಅದುವರೆಗೆ ಆ ಕಡೆಯವರೊಂದಿಗೆ ಬೆರೆತವನೇ ಅಲ್ಲ. ಅವರ ಮಾತೆಂದರೆ ಜಗಳ ಎಂದು ನಮ್ಮ ಬೀದಿಯಲ್ಲಿ ನಂಬಿಕೆ. ಉಸ್ತಾದರಿಗೂ ನಮ್ಮ ಬಗ್ಗೆ ಒಂದು ನಂಬಿಕೆ ಇತ್ತು. “ಮೈಸೂರು ಮಂದಿ ಬಾಯಾಗ ಸಕ್ರಿರಿ. ಆದ್ರ ಮನಿಗೆ ಹೋದ್ರ ಬಾಗಲದಾಗ ನಿಂತ ‘ಊಟ ಮುಗಿಸಿಕೊಂಡೇ ಬಂದ್ರೇನೋ’ ಅಂತ ಕೇಳತಾರ.” ನನಗೆ ಕೋಪ ಬಂತು. ಆ ಶುಕ್ರವಾರ ಅವರನ್ನು ದೋಹಾ ಅಲ್ ಜದೀದಾದ ನನ್ನ ಮನೆಗೆ ಕರೆದು ಬಿಸಿಬೇಳೆಬಾತ್ ಹಾಕಿ, ಇನ್ನು ಬೇಡ ಎಂದು ಅವರು ಎಲೆಯ ಮೇಲೆ ಎರಡೂ ಕೈ ಅಡ್ಡ ಇಡುವವರೆಗೆ ಬಡಿಸಿದೆ. ಉಂಡು ಎದ್ದು ಕೈ ತೊಳೆದ ಮೇಲೆ, “ನಿಮ್ಮ ಮಂದಿ ಬಗ್ಗೆ ಅಂದದ್ದು ವಾಪಸ್ ತಗೊಂಡೇನಿ. ಆದ್ರ ಪೂರಾ ಅಲ್ಲ, ನಿಮ್ಮ ಮನಿದಷ್ಟ” ಎಂದರು.

ಇನ್ನು ಹಾಲೆಂಡ್, ಬೆಲ್ಜಿಯಂ ಸಂಗತಿ.

ನಮ್ಮ ಸೈಟ್ ದುಖಾನ್ ದಾಟಿ ಪಶ್ಚಿಮದ ಕಡಲ ದಂಡೆಯಲ್ಲಿತ್ತು. ಕಡಲಿನ ನೀರು ಎಳೆದುಕೊಳ್ಳುವ ದೊಡ್ಡ ಪಂಪುಗಳನ್ನು ಕೂರಿಸಲು ಕಟ್ಟೆ ಕಟ್ಟುತ್ತಿದ್ದರು. ಕಂಟ್ರಾಕ್ಟ್ ಹಿಡಿದದ್ದು ಎರಡು ಕಂಪನಿ ಕೂಡಿ: ಒಂದು ಹಾಲೆಂಡಿನದು, ಒಂದು ಬೆಲ್ಜಿಯಂನದು. ನೀರಿನಲ್ಲಿ ಕಟ್ಟುವ ಕೆಲಸದಲ್ಲಿ ಈ ಎರಡು ದೇಶದವರಿಗೆ ಸಮಾನರಿಲ್ಲವಂತೆ. ಸಮಾನರಿಲ್ಲದ ಇಬ್ಬರನ್ನು ಒಂದೇ ಆಫೀಸಿನಲ್ಲಿ ಕೂರಿಸಿದರೆ ಏನಾಗುತ್ತದೆ ಎಂದು ನಾನು ಎಂಟು ತಿಂಗಳು ನೋಡಿದೆ. ಪಂಪ್ ಕೂರಿಸುವ ಹೊಣೆ ಹಾಲೆಂಡಿನ ಎಂಜಿನಿಯರದು. ಎತ್ತುವ ಹೊಣೆ ಬೆಲ್ಜಿಯಂನವರದು. ಮೊದಲನೆಯವರು ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ, ಎರಡನೆಯವರು ಗಿಡ್ಡ. ಉಸ್ತಾದರು ಅವರಿಗೆ ದೊಡ್ಡ ಸಾಹೇಬ, ಸಣ್ಣ ಸಾಹೇಬ ಎಂದು ಹೆಸರಿಟ್ಟರು. ಅಳತೆ ನೋಡಿ ಇಟ್ಟ ಹೆಸರು ಅಷ್ಟೆ. ಅಧಿಕಾರದಲ್ಲಿ ಇಬ್ಬರೂ ಸಮ. ತೊಂದರೆ ಇದ್ದದ್ದೇ ಅಲ್ಲಿ.

ಇಬ್ಬರ ಮನೆಮಾತೂ ಒಂದೇ ಎಂದು ತಿಳಿದಾಗ ನನಗೆ ಅಚ್ಚರಿಯಾಯಿತು. ಬೆಲ್ಜಿಯಂನ ಅರ್ಧ ಭಾಗದಲ್ಲಿ ಹಾಲೆಂಡಿನವರ ಭಾಷೆಯನ್ನೇ ಆಡುತ್ತಾರೆ. ರಾಗ ಬೇರೆ. ಸಣ್ಣ ಸಾಹೇಬ ಫೋನಿನಲ್ಲಿ ಮಾತಾಡುವಾಗ ದೊಡ್ಡ ಸಾಹೇಬ ನನ್ನ ಕಡೆ ತಿರುಗಿ ಹುಬ್ಬು ಹಾರಿಸುತ್ತಿದ್ದರು, ಕೇಳಿದೆಯಾ ಹಳ್ಳಿಯವನ ಮಾತು ಎಂಬಂತೆ. ದೊಡ್ಡ ಸಾಹೇಬ ಮಾತಾಡಿದರೆ ಸಣ್ಣವರು ಗಂಟಲು ಹಿಡಿದುಕೊಂಡು, ಇವರ ಊರಲ್ಲಿ ಎಲ್ಲರಿಗೂ ಮೀನಿನ ಮುಳ್ಳು ಸಿಕ್ಕಿಕೊಂಡಿದೆ ಎನ್ನುತ್ತಿದ್ದರು. ನನಗೆ ಎರಡೂ ಒಂದೇ ಥರ ಕೇಳಿಸುತ್ತಿತ್ತು. ಉಸ್ತಾದರಿಗೆ ಇದನ್ನು ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು. “ಅವರು ನಮ್ಮಿಬ್ಬರ ಮಾತು ಕೇಳಿದ್ರೂ ಹಂಗ ಅಂತಾರ ನೋಡ್ರಿ.”

ಉಸ್ತಾದರದು ಮಾತು ಕಡಿಮೆ, ಕಿವಿ ಚುರುಕು. ಚಹಾದ ಹೊತ್ತಿಗೆ ಇಬ್ಬರು ಸಾಹೇಬರೂ, ಬೇರೆ ಬೇರೆಯಾಗಿ, ಅವರ ಹತ್ತಿರ ಬಂದು ಇನ್ನೊಬ್ಬರ ದೇಶದ ಮೇಲೆ ನಗೆಹನಿ ಹೇಳಿ ಹೋಗುತ್ತಿದ್ದರು. ಹಾಲೆಂಡಿನವರ ಪ್ರಕಾರ ಬೆಲ್ಜಿಯಂನವರು ದಡ್ಡರು. ಹಗ್ಗದ ಉದ್ದ ಅಳೆದು ಬಾ ಎಂದು ಒಬ್ಬ ಬೆಲ್ಜಿಯಂನವನನ್ನು ಕಳಿಸಿದರಂತೆ. ಅವನು ಎರಡೂ ತುದಿ ಒಟ್ಟಿಗೆ ಹಿಡಿದು ನೋಡಿ, ಇದಕ್ಕೆ ಉದ್ದವೇ ಇಲ್ಲ ಎಂದನಂತೆ. ಬೆಲ್ಜಿಯಂನವರ ಪ್ರಕಾರ ಹಾಲೆಂಡಿನವರು ಜಿಪುಣರು. ಅವರ ಮನೆಗೆ ಹೋದರೆ ಬಿಸ್ಕತ್ತಿನ ಡಬ್ಬ ತೆಗೆಯುತ್ತಾರಂತೆ, ನೀವು ಒಂದು ತೆಗೆದುಕೊಳ್ಳುವುದರೊಳಗೆ ಮುಚ್ಚಳ ಹಾಕುತ್ತಾರಂತೆ, ಬೆರಳು ಹುಷಾರು ಎನ್ನುತ್ತಾರಂತೆ.

ಉಸ್ತಾದರು ಎರಡಕ್ಕೂ ನಗುತ್ತಿದ್ದರು. ಆಮೇಲೆ ನನ್ನ ಹತ್ತಿರ ಬಂದು ಹೇಳಿದರು. “ಸರ, ಹಗ್ಗದ ಕತಿ ನಮ್ಮೂರಿಂದು. ಹೊಳಿ ಆಚೆ ಊರಾಗ ಒಬ್ಬಾಂವ ಎತ್ತಿನ ಹಗ್ಗ ಹಂಗ ಅಳದಾನ ಅಂತ ನಮ್ಮ ಅಜ್ಜ ಹೇಳತಿದ್ದ. ಬಿಸ್ಕೀಟಿನ ಕತಿನೂ ನಮ್ಮದ, ಡಬ್ಬಿ ಬದ್ಲಿ ಬೆಲ್ಲದ ಗಡಿಗಿ. ನಾವು ಅವರ ಮ್ಯಾಲ ಹೇಳತಿದ್ದಿವಿ, ಅವರು ನಮ್ಮ ಮ್ಯಾಲ ಹೇಳತಿದ್ರು. ಜಿಪುಣರು, ದಡ್ಡರು ಯಾವಾಗಲೂ ಹೊಳಿ ಆಚೆ ದಂಡ್ಯಾಗ ಇರತಾರ್ರೀ. ಈಚೆ ದಂಡ್ಯಾಗ ಹುಟ್ಟಿದ್ದು ನಾ ಇನ್ನೂ ನೋಡಿಲ್ಲ.”

ಒಂದು ದಿನ ಅವರಿಬ್ಬರ ಜಗಳಕ್ಕೆ ಮೂಲವೇನು ಎಂದು ಉಸ್ತಾದರು ನನ್ನನ್ನು ಕೇಳಿದರು. ನನಗೆ ತಿಳಿದಷ್ಟು ಹೇಳಿದೆ: ಇನ್ನೂರು ವರ್ಷದ ಹಿಂದೆ ಎರಡೂ ದೇಶ ಕೂಡಿಸಿ ಒಬ್ಬನೇ ರಾಜನ ಕೈಗೆ ಕೊಟ್ಟಿದ್ದರು, ಹದಿನೈದು ವರ್ಷ ಹೇಗೋ ನಡೆಯಿತು, ಆಮೇಲೆ ಬೆಲ್ಜಿಯಂನವರು ದಂಗೆ ಎದ್ದು ಬೇರೆಯಾದರು. ಉಸ್ತಾದರು ಬಸಿಯಲ್ಲಿ ಚಹಾ ಹುಯ್ದುಕೊಂಡು ಊದುತ್ತಾ ಕೇಳಿ, ಹೇಳಿದರು. “ಹದಿನೈದು ವರ್ಷ ಒಂದ ಒಲಿ ಮ್ಯಾಲ ಅಡಗಿ ಮಾಡಿ ಬ್ಯಾರೆ ಆದ್ರು ಅನ್ರಿ. ಅದಕ್ಕ ಈ ಸಿಟ್ಟು. ದೂರದವರ ಮ್ಯಾಲ ಇಷ್ಟು ಸಿಟ್ಟು ಬರಂಗಿಲ್ರೀ. ಬ್ಯಾರೆ ಆದ ಅಣ್ಣತಮ್ಮರ ಮ್ಯಾಲ ಬರತೈತಿ.” ಯೂರೋಪಿನ ಇತಿಹಾಸವನ್ನು ಇಷ್ಟು ಚುಟುಕಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಅಂದು ಸಂಜೆ ಬಸ್ಸಿನಲ್ಲಿ ಕೂತು ಈ ಮಾತನ್ನು ನಾಲ್ಕು ಜನಕ್ಕೆ ಹೇಳಿದೆ, ಹೇಳುವಾಗ ನನ್ನದೇ ಮಾತು ಎನ್ನುವ ಹಾಗೆ ಹೇಳಿದೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ.

ಅವರ ಹತ್ತಿರ ಶೇಂಗಾ ಉಂಡಿಯ ಒಂದು ಡಬ್ಬಿ ಇತ್ತು. ಬಿಸ್ಕತ್ತಿನ ಕತೆ ಕೇಳಿದ ಮಾರನೆಯ ದಿನ ಅದರ ಮುಚ್ಚಳ ಎಲ್ಲಿಗೋ ಹೋಗಿತ್ತು. ಚಹಾದ ಹೊತ್ತಿಗೆ ಬಾಯಿ ತೆರೆದ ಡಬ್ಬಿಯನ್ನು ಇಬ್ಬರು ಸಾಹೇಬರ ನಡುವೆ ಇಟ್ಟು, “ನಮ್ಮ ಡಬ್ಬಿಗೆ ಮುಚ್ಚಳ ಇಲ್ಲ” ಎಂದು ಇಂಗ್ಲಿಷಿನಲ್ಲಿ ಹೇಳಿದರು. ಇಬ್ಬರಿಗೂ ಅರ್ಥವಾಯಿತು. ಇಬ್ಬರೂ ಕೆಂಪಗಾಗಿ ಎರಡೆರಡು ಉಂಡಿ ತಿಂದರು.

ಯಾರ ಬಗ್ಗೆ ಏನು ಕೇಳಿದರೂ ಉಸ್ತಾದರು ಅದನ್ನು ತಾವೇ ಪರೀಕ್ಷಿಸಿ ನೋಡುವವರು. ತಂತಿಯ ಹಗ್ಗ ತಂದರೆ ಸರ್ಟಿಫಿಕೇಟ್ ಓದಿ ಬಿಡುತ್ತಿರಲಿಲ್ಲ. ಕೈಗವಸು ಕಳಚಿ, ಬರಿ ಅಂಗೈಯಲ್ಲಿ ತುದಿಯಿಂದ ತುದಿಗೆ ಸವರಿ, ಎಲ್ಲಾದರೂ ಎಳೆ ಕಿತ್ತಿದೆಯೇ ಎಂದು ನೋಡುತ್ತಿದ್ದರು. ಸಾಹೇಬರನ್ನೂ ಹಾಗೇ ಸವರಿ ನೋಡಿದ್ದರು. “ಜಿಪುಣ ಅಂತಾರಲ್ಲ ಆ ದೊಡ್ಡ ಸಾಹೇಬ, ಕ್ರೇನಿನಾಂವನ ಕ್ಯಾಬಿನ್ ಬಿಸಿ ಆಗತೈತಿ ಅಂತ ತನ್ನ ಆಫೀಸಿನ ಫ್ಯಾನ್ ಬಿಚ್ಚಿ ಕೊಟ್ಟಾನ. ದಡ್ಡ ಅಂತಾರಲ್ಲ ಆ ಸಣ್ಣ ಸಾಹೇಬ, ಭಾರದ ಲೆಕ್ಕ ಕಾಗದ ಇಲ್ಲದ ತಲಿಯಾಗ ಮಾಡತಾನ, ಒಂದ ದಿನ ತಪ್ಪಿಲ್ಲ. ಒಬ್ಬೊಬ್ಬರು ಬಂಗಾರದಂಥವರು. ಕೂಡಿದ್ರ ಮಾತ್ರ ಕೂಸಾಗತಾರ.”

ಆ ಮಾತು ಒಂದು ಬೆಳಿಗ್ಗೆ ನಿಜವಾಯಿತು.

ಉಸ್ತಾದರು ಊರಿಗೆ ಹೋಗಲು ಇನ್ನು ಎಂಟೇ ವಾರ ಇತ್ತು. ವೀಸಾ ಮುಗಿಸಿ, ಖಾಯಂ ಹೋಗುವುದು. ಅಂದು ಮೂರನೆಯ ಪಂಪನ್ನು ಅದರ ಕಟ್ಟೆಯ ಮೇಲೆ ಕೂರಿಸಬೇಕಿತ್ತು. ಕ್ರೇನಿನಲ್ಲಿದ್ದವನು ನೇಪಾಳದವನು, ಉಸ್ತಾದರ ಜೊತೆ ಆರು ವರ್ಷ ಕೆಲಸ ಮಾಡಿದವನು. ಪಂಪನ್ನು ಬಲಗಡೆಯಿಂದ ತರಬೇಕೋ ಎಡಗಡೆಯಿಂದ ತರಬೇಕೋ ಎಂದು ಸಾಹೇಬರಿಬ್ಬರಿಗೂ ಹಿಂದಿನ ದಿನದಿಂದಲೇ ಜಟಾಪಟಿ. ಕೊನೆಗೆ ಬೆಲ್ಜಿಯಂನವರ ನಕ್ಷೆಯಂತೆ ಬಲದಿಂದ ಎಂದು ಪರ್ಮಿಟ್‌ನಲ್ಲಿ ಬರೆಯಲಾಗಿತ್ತು. ಪರ್ಮಿಟ್ ತೆಗೆದುಕೊಂಡು ನಾನೇ ಕಟ್ಟೆಗೆ ಹೋಗಿದ್ದೆ.

ಪಂಪು ಎದೆಯೆತ್ತರಕ್ಕೆ ತೂಗುತ್ತಿತ್ತು. ಉಸ್ತಾದರ ಕೈ ಮೇಲಿತ್ತು. ಆಗ ದೊಡ್ಡ ಸಾಹೇಬ, ನಾನು ಹೇಳಿದ್ದೇ ಸರಿ, ನೋಡು ಜಾಗ ಸಾಲುತ್ತಿಲ್ಲ ಎಂದು ಕೂಗಿ ಎಡಕ್ಕೆ ಕೈ ಬೀಸಿ ತೋರಿಸಿದರು. ಸಣ್ಣ ಸಾಹೇಬ ತಮ್ಮ ಭಾಷೆಯಲ್ಲಿ ಏನೋ ಒದರುತ್ತಾ ಮುಂದೆ ಬಂದು ಬಲಕ್ಕೆ ಕೈ ಬೀಸಿದರು. ಅವರು ಬಂದು ನಿಂತದ್ದು ಸರಿಯಾಗಿ ಉಸ್ತಾದರ ಎದುರಿಗೆ. ಅವರು ಕ್ರೇನಿಗೆ ಸನ್ನೆ ಮಾಡಿದ್ದಲ್ಲ, ಒಬ್ಬರಿಗೊಬ್ಬರು ಕೈ ಬೀಸಿ ವಾದ ಮಾಡಿದ್ದು. ಆದರೆ ಮೇಲೆ ಕೂತವನಿಗೆ ಕಂಡದ್ದು ಕೈಗಳು ಮಾತ್ರ. ಅವನು ತನಗೆ ಮೊದಲು ಕಂಡ ಕೈಯಂತೆ ಎಡಕ್ಕೆ ತಿರುಗಿಸಿದ. ಪಂಪು ಜೋಲಿ ಹೊಡೆದು ಪಕ್ಕದ ಅಟ್ಟಣಿಗೆಗೆ ಬಡಿಯಿತು. ಕಬ್ಬಿಣದ ಕಂಬಿ ಸೊಟ್ಟಗಾಯಿತು, ಪಂಪಿನ ಬಾಯಿಯ ಒಂದು ಅಂಚು ಒಡೆಯಿತು. ಅಟ್ಟಣಿಗೆಯ ಮೇಲೆ ಕೆಲಸ ಮಾಡುತ್ತಿದ್ದವನು ನೀರು ಕುಡಿಯಲು ಇಳಿದು ಒಂದು ನಿಮಿಷವೂ ಆಗಿರಲಿಲ್ಲ. ಉಸ್ತಾದರ ಸೀಟಿ ಆಗ ಕೇಳಿಸಿತು, ಎಲ್ಲ ಮುಗಿದ ಮೇಲೆ.

ಗಲ್ಫಿನ ಸೈಟುಗಳಲ್ಲಿ ಇಂಥದ್ದು ನಡೆದರೆ ವಿಚಾರಣೆ ಆಗಲೇಬೇಕು. ವಿಚಾರಣೆಯ ಫಾರಂನಲ್ಲಿ ‘ಕಾರಣ’ ಎಂದು ಒಂದು ಮನೆ ಇದೆ, ಅದರಲ್ಲಿ ಒಂದು ಹೆಸರು ಬರೆಯಲೇಬೇಕು. ಫಾರಂ ನನ್ನ ಕಪಾಟಿನದು, ನನಗೆ ಚೆನ್ನಾಗಿ ಗೊತ್ತು. ಮಧ್ಯಾಹ್ನದೊಳಗೆ ಇಬ್ಬರು ಸಾಹೇಬರ ಹೇಳಿಕೆಗಳೂ ನನ್ನ ಮೇಜಿಗೆ ಬಂದವು. ಹಾಲೆಂಡಿನವರು ಬೆಲ್ಜಿಯಂನವರ ನಕ್ಷೆಯೇ ತಪ್ಪು ಎಂದು ಬರೆದಿದ್ದರು. ಬೆಲ್ಜಿಯಂನವರು ಹಾಲೆಂಡಿನವರು ತಲೆ ಹಾಕಿದ್ದೇ ತಪ್ಪು ಎಂದು ಬರೆದಿದ್ದರು. ಕೊನೆಯ ಸಾಲು ಮಾತ್ರ ಎರಡರಲ್ಲೂ ಒಂದೇ ಇತ್ತು: ಏನೇ ಇರಲಿ, ಕ್ರೇನಿನವನು ನೇಮಿಸಿದ ಮೇಸ್ತ್ರಿಯ ಸನ್ನೆ ಬಿಟ್ಟು ಬೇರೆ ಸನ್ನೆ ನೋಡಬಾರದಿತ್ತು. ಎಂಟು ತಿಂಗಳಲ್ಲಿ ಅವರಿಬ್ಬರೂ ಒಪ್ಪಿದ ಮೊದಲ ಮಾತು ಅದು. ಆ ಮಾತು ನಿಂತರೆ ನೇಪಾಳಿ ಆ ವಾರವೇ ಊರಿನ ವಿಮಾನ ಹತ್ತಬೇಕು, ಮತ್ತೆ ಯಾವ ಕ್ರೇನೂ ಅವನಿಗೆ ಸಿಗುವುದಿಲ್ಲ.

ಉಸ್ತಾದರಿಗೆ ಓದಿ ಹೇಳಿದೆ. “ಗಂಡ ಹೆಂಡಿರ ಜಗಳದಾಗ ಕೂಸು ಬಡವಾತಂತ” ಎಂದರು.

“ನೀವು ಏನಂತ ಹೇಳ್ತೀರಿ ಉಸ್ತಾದ್ರೇ?” ಎಂದು ಕೇಳಿದೆ. “ಸಾಹೇಬರಿಬ್ಬರೂ ಕೈ ಎತ್ತಿದ್ರು ಅಂತ ಹೇಳಿಬಿಡಿ, ಸಾಕು. ನಾನೂ ನೋಡಿದ್ದೀನಿ. ನಿಮ್ಮ ಹೆಸರಿಗೆ ಏನೂ ಬರಲ್ಲ.”

“ನೋಡೂಣು” ಎಂದು ಎದ್ದು ಹೋದರು.

ಮಾರನೆಯ ದಿನ ಹತ್ತು ಗಂಟೆಗೆ ವಿಚಾರಣೆ. ಕೆಲಸ ಕೊಟ್ಟ ಕಂಪನಿಯ ಕಡೆಯಿಂದ ಸುರಕ್ಷತೆಯ ಮುಖ್ಯಸ್ಥರು ಬಂದಿದ್ದರು, ಕತಾರಿನವರು, ತೋಬ್ ಎಂಬ ಉದ್ದನೆಯ ಬಿಳಿ ನಿಲುವಂಗಿಯ ಮೇಲೆ ಸೈಟಿನ ಹಸಿರು ಜಾಕೆಟ್ ಹಾಕಿದ್ದರು. ಹೆಚ್ಚು ಮಾತಿನವರಲ್ಲ. ಮೇಜಿನ ಒಂದು ಕಡೆ ದೊಡ್ಡ ಸಾಹೇಬ, ಇನ್ನೊಂದು ಕಡೆ ಸಣ್ಣ ಸಾಹೇಬ, ಬಾಗಿಲ ಹತ್ತಿರದ ಕುರ್ಚಿಯಲ್ಲಿ ನೇಪಾಳಿ. ಅವನು ಹಿಂದಿನ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ. ಬರೆದುಕೊಳ್ಳುವ ಕೆಲಸ ನನ್ನದು.

ಉಸ್ತಾದರನ್ನು ಒಳಗೆ ಕರೆದು, ಯಾವ ಭಾಷೆಯಲ್ಲಿ ಹೇಳುತ್ತೀರಿ ಎಂದು ಮುಖ್ಯಸ್ಥರು ಕೇಳಿದರು. ಹಿಂದಿಯಲ್ಲಿ ಹೇಳಬಹುದಿತ್ತು, ಸೈಟಿನ ಇಂಗ್ಲಿಷಿನಲ್ಲೂ ಸುಧಾರಿಸುತ್ತಿದ್ದರು. ಉಸ್ತಾದರು ನನ್ನ ಕಡೆ ನೋಡಿ, “ಸಾಕ್ಷಿ ಹೇಳೋದು ನನ್ನ ಮಾತಿನಾಗ ಹೇಳತೀನಿ ಅಂತ ಹೇಳ್ರಿ. ನೀವು ತಿಳಿಸಿ ಕೊಡ್ರಿ” ಎಂದರು. ಹೀಗೆ ಹಾಲೆಂಡ್, ಬೆಲ್ಜಿಯಂ, ಕತಾರ್, ನೇಪಾಳ ಎಲ್ಲ ಕೂತಿದ್ದ ಆ ಕೋಣೆಯಲ್ಲಿ ಕನ್ನಡ ಎದ್ದು ನಿಂತಿತು. ನನಗೆ ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ.

ಅವರು ಕೂರಲಿಲ್ಲ. ಕೈಗವಸುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಇಟ್ಟು ಶುರುಮಾಡಿದರು.

“ಮೂರು ಕೈ ಎದ್ದಿದ್ದವು. ಒಂದು ನಂದು. ಎರಡು ಸಾಹೇಬರವು. ಸಣ್ಣ ಸಾಹೇಬರು ನನ್ನ ಮುಂದ ಬಂದು ನಿಂತಿದ್ರು. ಹಿಂಗಾಗಿ ಕ್ರೇನಿನಾಂವಗ ನನ್ನ ಕೈ ಕಾಣಲಿಲ್ಲ. ಆಂವ ಕಂಡದ್ದು ಕೇಳ್ಯಾನ. ಆಂವಂದು ಏನೂ ತಪ್ಪಿಲ್ಲ.”

ನಾನು ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಸಾಹೇಬರಿಬ್ಬರೂ ನೆಲ ನೋಡುತ್ತಿದ್ದರು. ಉಸ್ತಾದರು ಮುಂದುವರಿಸಿದರು.

“ಬ್ಯಾರೆ ಕೈ ಎದ್ದದ್ದು ನಾ ಕಂಡಿದ್ದೆ. ಕಂಡ ಕೂಡಲೆ ಸೀಟಿ ಹೊಡದು ನಿಲ್ಲಸೋದು ನನ್ನ ಕೆಲಸ. ನಾ ಹೊಡೀಲಿಲ್ಲ. ದೊಡ್ಡವರು ದೊಡ್ಡವರು ಮಾತಾಡಾಕತ್ತಾರ, ನಡುವ ನಾ ಯಾಕ ಬಾಯಿ ಹಾಕಲಿ ಅಂತ ಸುಮ್ಮನ ನಿಂತೆ. ಅಷ್ಟರಾಗ ಆಗಬಾರದ್ದು ಆತು. ತಪ್ಪು ನಂದು ಅಂತ ಬರೀರಿ.”

ನನ್ನ ಪೆನ್ನು ನಿಂತಿತು. ಈ ಮಾತು ಕಾಗದಕ್ಕೆ ಬಂದರೆ ಇಪ್ಪತ್ತೆರಡು ವರ್ಷದ ಅವರ ಹೆಸರಿಗೆ, ಹೋಗುವ ಹೊತ್ತಿಗೆ, ಒಂದು ಕಪ್ಪು ಚುಕ್ಕೆ. ನಾನು ಒಂದು ಕ್ಷಣ ಯೋಚಿಸಿ, ಇಂಗ್ಲಿಷಿನಲ್ಲಿ, ಸಾಹೇಬರ ಸನ್ನೆಗಳನ್ನು ತಾವು ನೋಡಿದ್ದಾಗಿ ಇವರು ಹೇಳುತ್ತಿದ್ದಾರೆ, ಇಷ್ಟೇ, ಎಂದೆ. ಮಿಕ್ಕದ್ದನ್ನು ನುಂಗಿದೆ. ಒಳ್ಳೆಯದಕ್ಕೇ ನುಂಗಿದೆ.

ಉಸ್ತಾದರು ನನ್ನನ್ನೇ ನೋಡುತ್ತಿದ್ದರು. ಅವರ ಇಂಗ್ಲಿಷ್ ಅಷ್ಟಕ್ಕಷ್ಟೆ ಎಂದು ಮೇಲೆ ಬರೆದೆ. ಬಿಟ್ಟ ಮಾತು ಯಾವುದೆಂದು ತಿಳಿಯಲು ಅಷ್ಟು ಸಾಕಾಗಿತ್ತು.

“ಸರ, ಒಂದು ಮಾತು ಬಿಟ್ರಿ.”

“ಬೇಡಿ ಉಸ್ತಾದ್ರೇ,” ಎಂದೆ ಮೆಲ್ಲಗೆ. “ಅದು ಬೇಕಾಗಿಲ್ಲ. ಆಪರೇಟರ್ ಹೇಗಿದ್ರೂ ಉಳ್ಕೋತಾನೆ.”

“ಉಳಿಯಂಗಿಲ್ರೀ. ಇಬ್ಬರೂ ಸಾಹೇಬರು ಬ್ಯಾರೆ ಬರದು ಕೊಟ್ಟಾರ, ನಾ ಒಬ್ಬಾಂವ ಅವರದ ತಪ್ಪು ಅಂದ್ರ ಯಾರು ಕೇಳತಾರ? ನನ್ನ ಪಾಲಿಂದು ನಾ ಮೊದಲು ಹೊತ್ರ, ಉಳಿದದ್ದು ಹೇಳಾಕ ನನಗ ಬಾಯಿರತೈತಿ.” ಸ್ವಲ್ಪ ತಡೆದು, ಗಟ್ಟಿಯಾಗಿ ಹೇಳಿದರು. “ಪೂರಾ ಹೇಳ್ರಿ. ನನ್ನ ಮಾತು ಕಡಿಮಿ ಮಾಡಬ್ಯಾಡ್ರಿ.”

ನಾನು ಪೂರ್ತಿ ಹೇಳಿದೆ. ಒಂದಕ್ಷರ ಬಿಡಲಿಲ್ಲ. ಮೊದಲು ಒಂದು ಮಾತು ನಾನೇ ಬಿಟ್ಟಿದ್ದೆ, ಇವರು ಅದನ್ನು ಸೇರಿಸಬೇಕೆಂದರು ಎಂಬುದನ್ನೂ ಹೇಳಿದೆ. ಮುಖ್ಯಸ್ಥರು ಕನ್ನಡಕ ತೆಗೆದು ಉಸ್ತಾದರನ್ನು ಬಹಳ ಹೊತ್ತು ನೋಡಿದರು.

ಆಗ ದೊಡ್ಡ ಸಾಹೇಬ ಎದ್ದರು. ಎದ್ದು, ನನ್ನ ಮುಂದಿದ್ದ ಕಡತದತ್ತ ಕೈ ಚಾಚಿ, ತಮ್ಮ ಹೇಳಿಕೆಯನ್ನು ವಾಪಸು ಕೊಡುವಂತೆ ಕೇಳಿದರು. ಕೊಟ್ಟೆ. ಅದನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡು ಖಾಲಿ ಹಾಳೆ ಕೇಳಿದರು. ಸಣ್ಣ ಸಾಹೇಬರೂ ಕೈ ಚಾಚಿದರು. ಇಬ್ಬರೂ ಒಂದೇ ಮೇಜಿನ ಮೇಲೆ ಬಗ್ಗಿ ಬರೆದರು. ಒಬ್ಬರು ಇನ್ನೊಬ್ಬರ ಹಾಳೆ ನೋಡಲಿಲ್ಲ. ಬರೆದು ಕೊಟ್ಟ ಮೇಲೆ ನಾನು ಓದಿದೆ. ಭಾರ ತೂಗುತ್ತಿರುವಾಗ ನನಗೆ ಅಧಿಕಾರವಿಲ್ಲದೆ ಕೈ ಎತ್ತಿದೆ ಎಂದು ಇಬ್ಬರೂ ಬರೆದಿದ್ದರು. ಇನ್ನೊಬ್ಬರ ಹೆಸರು ಎರಡರಲ್ಲೂ ಇರಲಿಲ್ಲ. ಕ್ರೇನಿನವನ ಹೆಸರೂ ಇರಲಿಲ್ಲ.

‘ಕಾರಣ’ ಎಂಬ ಮನೆಯಲ್ಲಿ ಮೂರು ಹೆಸರು ಬಂದವು. ಜಾಗ ಸಾಲದೆ ನಾನು ಅಂಚಿನಲ್ಲಿ ಬರೆಯಬೇಕಾಯಿತು. ಮೂವರಿಗೂ ಒಂದೇ ಶಿಕ್ಷೆ, ಲಿಖಿತ ಎಚ್ಚರಿಕೆ. ಮುಖ್ಯಸ್ಥರು ಸಹಿ ಹಾಕಿ ಎದ್ದು, “ಖಲಾಸ್” ಎಂದರು. ಬಾಗಿಲ ಹತ್ತಿರ ನಿಂತು ಉಸ್ತಾದರ ಕೈ ಹಿಡಿದು ಕುಲುಕಿದರು. ಸಾಹೇಬರಿಬ್ಬರ ಕೈ ಕುಲುಕಲಿಲ್ಲ.

ಅದಾದ ಮೇಲೂ ಹಾಲೆಂಡ್ ಬೆಲ್ಜಿಯಂ ಒಂದಾಗಲಿಲ್ಲ, ಹಾಗೆ ಬರೆದರೆ ಸುಳ್ಳಾಗುತ್ತದೆ. ಮೀನಿನ ಮುಳ್ಳೂ ಹಗ್ಗವೂ ಚಹಾದ ಹೊತ್ತಿಗೆ ಮತ್ತೆ ಬಂದವು. ಭಾರ ತೂಗುವಾಗ ಮಾತ್ರ ಇಬ್ಬರೂ ಹಿಂದೆ ಸರಿದು ಕೈ ಕಟ್ಟಿ ನಿಲ್ಲುತ್ತಿದ್ದರು.

ಆದರೆ ನಾನು ಹೇಳಬೇಕಾದದ್ದು ವಿಚಾರಣೆ ಮುಗಿದ ಆ ಹೊತ್ತಿನದು. ಉಸ್ತಾದರು ಹೊರಗೆ ಬಂದು ಬಿಸಿಲಲ್ಲಿ ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದರು. ಎಚ್ಚರಿಕೆಯ ಪತ್ರವನ್ನು ಮಡಚಿ ಜೇಬಿಗೆ ಹಾಕಿದ್ದರು. ನನಗೆ ತಡೆಯಲಾಗಲಿಲ್ಲ, ಸಿಟ್ಟೇ ಬಂದಿತ್ತು.

“ಎಂಟು ವಾರ ಇತ್ತು ಉಸ್ತಾದ್ರೇ. ಎಂಟೇ ವಾರ. ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದದ್ದನ್ನ ನೀವೇ ಕೈಯಾರೆ ಕಳ್ಕೊಂಡ್ರಲ್ಲ.”

ಅವರು ಕ್ರೇನಿನ ಕಡೆ ನೋಡಿದರು. ನಾನೂ ನೋಡಿದೆ. ನೇಪಾಳಿ ಏಣಿ ಹತ್ತುತ್ತಿದ್ದ. ಮೇಲೆ ತಲುಪಿ, ಕ್ಯಾಬಿನ್ನಿನ ಬಾಗಿಲು ಎಳೆದುಕೊಂಡು, ಗಾಜಿನ ಹಿಂದೆ ಕೂತು, ಕೆಳಗೆ ಉಸ್ತಾದರ ಕೈ ಯಾವಾಗ ಏಳುತ್ತದೆಂದು ಕಾಯುತ್ತಿದ್ದ. ಉಸ್ತಾದರು ಕೈಗವಸು ಹಾಕಿಕೊಂಡರು.

“ಏನ್ ಕಳಕೊಂಡೇನ್ರೀ ಸರ?” ಎಂದರು. “ಯಾರಿಗೂ ಏನೂ ಆಗಲಿಲ್ಲಲ್ಲ.”